ಬೇಗೂರಿನ ಏಳೂವರೆ ಆಟ

ಬೆಂಗಳೂರಿಗೆ ಬಂದು ತಿಂಗಳು ತುಂಬುವ ಮೊದಲೇ ಒಂದು ಸಂಜೆ ನಾನು ಬಾಯಿ ತೆರೆದೆ, ಬೇರೆ ಯಾವಳೋ ಮಾತಾಡಿದಳು.

ಮೈಮೇಲೆ ದೇವರು ಬಂದದ್ದಲ್ಲ. ಬೇಗೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಜಯಮ್ಮನವರ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಟಿವಿಯಲ್ಲಿ ನನ್ನನ್ನು ನಾನೇ ನೋಡುತ್ತಿದ್ದೆ. ಹಸಿರು ರೇಷ್ಮೆ ಸೀರೆ, ಹಣೆ ತುಂಬ ಕುಂಕುಮ, ನನ್ನದೇ ಕಣ್ಣು, ನನ್ನದೇ ಮೂಗು. ಧಾರಾವಾಹಿಯ ಸೊಸೆಯ ಕಡೆ ಬೆರಳು ತೋರಿಸಿ ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ತೆಳ್ಳಗಿನ, ನಯವಾದ, ಎಲ್ಲೂ ತಡವರಿಸದ ಒಂದು ದನಿ. ನನ್ನ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಜಯಮ್ಮ ಒಮ್ಮೆ ಟಿವಿಯನ್ನು ನೋಡಿದರು, ಒಮ್ಮೆ ನನ್ನನ್ನು.

“ಇದ್ಯಾರ್ ಗಂಟ್ಲು ಸಾರದಮ್ಮ?”

“ನನಗ ಗೊತ್ತಿಲ್ರಿ ಅಕ್ಕಾರ” ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ದನಿ ತೆಗೆದು ಬೇರೆಯವರದ್ದು ಹಾಕುತ್ತೇವೆ ಎಂದು ಯಾರೂ ನನಗೆ ಒಂದು ಮಾತು ಹೇಳಿರಲಿಲ್ಲ.

ಗದಗ, ರೋಣ, ಇಳಕಲ್ಲಿನ ಕಡೆ ತಗಡಿನ ಥಿಯೇಟರಿನಲ್ಲಿ ಕೂತು ಕಂಪನಿ ನಾಟಕ ನೋಡಿದ ಓದುಗರಿಗೆ ನನ್ನ ಮುಖ ಮರೆತಿರಬಹುದು, ದನಿ ಮರೆತಿರಲಾರದು. ಅದು ನನ್ನ ಜಂಬ ಎಂದು ಬೇಕಾದರೆ ಅಂದುಕೊಳ್ಳಿ. ನಾನು ಹುಟ್ಟಿದ್ದೇ ಕಂಪನಿ ಬೀಡುಬಿಟ್ಟಿದ್ದ ಕ್ಯಾಂಪಿನಲ್ಲಿ. ಅವ್ವ ಆ ಕಾಲದ ನಾಯಕಿ. ಐದನೇ ವಯಸ್ಸಿಗೆ ರಂಗದ ಮೇಲೆ ಅಳುವ ಮಗುವಾದೆ, ಹದಿನಾಲ್ಕಕ್ಕೆ ನಾಯಕಿಯಾದೆ, ಮೂವತ್ತು ದಾಟಿದ ಮೇಲೆ ತಾಯಿ, ಆಮೇಲೆ ಗಯ್ಯಾಳಿ ಅತ್ತೆ. ಅವ್ವ ಕಲಿಸಿದ್ದು ಒಂದೇ ಪಾಠ. ಮುಖ ಮೊದಲ ಸಾಲಿನವರಿಗೆ, ದನಿ ಕಟ್ಟಕಡೆಯ ಬೆಂಚಿನಲ್ಲಿ ಕೂತು ಶೇಂಗಾ ತಿನ್ನುವವನಿಗೆ. ಅವನ ಕೈ ಬಾಯಿಗೆ ಹೋಗದೆ ನಡುವೆಯೇ ನಿಂತರೆ ನೀನು ನಟಿ. ನಾನು ಬಹಳ ಕೈಗಳನ್ನು ನಿಲ್ಲಿಸಿದ್ದೇನೆ.

ಆದರೆ ಬೆಂಚುಗಳು ಖಾಲಿಯಾಗುತ್ತಾ ಬಂದವು. ಹುಬ್ಬಳ್ಳಿಯಲ್ಲಿ ಒಂದು ದಿನ ಇದ್ದಬದ್ದ ಹತ್ತಾರು ಮಂದಿಯ ಎದುರು ಆಡಿದ ಆಟವನ್ನು ಧಾರಾವಾಹಿಯವರು ಯಾರೋ ನೋಡಿದರಂತೆ. ಅತ್ತೆಯ ಪಾತ್ರವಿದೆ, ಬರುತ್ತೀರಾ ಎಂದು ಫೋನು ಬಂತು. ಕಂಪನಿಯ ಮಾಲಕರೇ ಬಸ್ಸು ಹತ್ತಿಸಿದರು. “ಟಿವಿಯಾಗ ನಿಮ್ಮ ದನಿ ಕೇಳಿ ಮಂದಿ ನಮ್ಮ ಕಡೆ ಹೊಳ್ಳಿ ಬರ್ತಾರ ನೋಡ್ರಿ ಶಾರದಕ್ಕ” ಅಂದಿದ್ದರು.

ನಮ್ಮ ಕಡೆ ನಟಿಗೆ ಮನೆಯೆಂದರೆ ಥಿಯೇಟರಿನ ಬೆನ್ನಿಗಿರುವ ಒಂದು ಗುಡಾರ, ಒಂದು ಟ್ರಂಕು, ಒಂದು ಸ್ಟೋವು. ಕ್ಯಾಂಪು ಎದ್ದರೆ ಮನೆಯೂ ಎದ್ದಿತು. ಇಲ್ಲಿ ಹಾಗಲ್ಲ. ದಲ್ಲಾಳಿ ನನ್ನನ್ನು ಬೇಗೂರಿನ ಓಣಿ ಓಣಿಗೂ ಕರೆದುಕೊಂಡು ಹೋದ. ಏನು ಕೆಲಸ ಎಂದು ಕೇಳುವರು. ನಾಟಕ ಎಂದರೆ ಮುಖ ಗಂಟಿಕ್ಕುವರು, ಟಿವಿ ಎಂದರೆ ನಗುವರು, ಒಬ್ಬಳೇ ಎಂದರೆ ಬಾಗಿಲು ಹಾಕುವರು. ಜಯಮ್ಮ ಇದ್ಯಾವುದನ್ನೂ ಕೇಳಲಿಲ್ಲ. “ನೀರ್ ಜಾಸ್ತಿ ಸುರಿತೀಯಾ?” ಎಂದಷ್ಟೇ ಕೇಳಿದರು. ಅವರ ಮನೆಯವರು ಇದೇ ನೆಲದಲ್ಲಿ ರಾಗಿ, ಅವರೆ ಬೆಳೆದವರು. ಈಗ ಹೊಲದ ಮೇಲೆ ನಾಲ್ಕು ಅಂತಸ್ತು ನಿಂತಿದೆ, ಪ್ರತಿ ಅಂತಸ್ತಿನಲ್ಲೂ ಬಾಡಿಗೆಯವರು, ನೀರು ಮಾತ್ರ ಟ್ಯಾಂಕರಿನಲ್ಲಿ ಬರುತ್ತದೆ. ಅದು ತುಂಬುವ ನೆಲದಡಿಯ ತೊಟ್ಟಿಗೆ ಇಲ್ಲಿ ಸಂಪು ಎನ್ನುತ್ತಾರೆ. ಜಯಮ್ಮ ದಿನಕ್ಕೆ ನಾಲ್ಕು ಸಲ ಅದರ ಮುಚ್ಚಳ ಎತ್ತಿ ಇಣುಕುತ್ತಾರೆ, ಮೊದಲು ಬಾವಿಗೆ ಇಣುಕುತ್ತಿದ್ದರಂತೆ.

ಊಟದ ಕಥೆ ಕೇಳಿ. ಜೋಳದ ರೊಟ್ಟಿ ಅಗಿದಷ್ಟೂ ರುಚಿ ಎಂದು ಬೆಳೆದವಳು ನಾನು. ಮೊದಲ ವಾರವೇ ಜಯಮ್ಮ ಮುದ್ದೆ, ಬಸ್ಸಾರು ತಂದಿಟ್ಟರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು ಅದು. ಸಾರು ಬಾಯಿಗೆ ಹತ್ತಿತು, ಮುದ್ದೆ ಹತ್ತಲಿಲ್ಲ. ಅಗಿಯುತ್ತಲೇ ಇದ್ದೆ. “ಅಗೀಬ್ಯಾಡ ಕಣಮ್ಮ, ನುಂಗು” ಎಂದು ನನ್ನ ಬಾಯಿಯನ್ನೇ ನೋಡುತ್ತಾ ಕೂತರು. ಈಗ ನುಂಗುತ್ತೇನೆ. ಆದರೂ ಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಗಾರ್ಮೆಂಟ್ಸಿನಿಂದ ಹೊರಬಂದ ನಮ್ಮ ಕಡೆಯ ಹೆಣ್ಣುಮಕ್ಕಳು “ಬಾರವಾ, ಹೋಗೂಣು” ಎಂದು ಮಾತಾಡುವುದು ಕಿವಿಗೆ ಬಿದ್ದರೆ ಎರಡು ಬಸ್ಸು ಬಿಟ್ಟು ಅಲ್ಲೇ ನಿಲ್ಲುತ್ತೇನೆ. ನಾನು ಮಾತಾಡಿಸುವುದಿಲ್ಲ. ಟಿವಿಯ ಅತ್ತೆಯ ಬಾಯಲ್ಲಿ ತಮ್ಮದೇ ಮಾತು ಕೇಳಿ ಅವರು ಬೆಚ್ಚಿದರೆ ನನಗೆ ಸಹಿಸುವುದು ಕಷ್ಟ.

ಚಿತ್ರೀಕರಣ ನಡೆಯುವುದು ಎಲೆಕ್ಟ್ರಾನಿಕ್ ಸಿಟಿಯ ಆಚೆ ಬಾಡಿಗೆಗೆ ಹಿಡಿದ ದೊಡ್ಡ ಬಂಗಲೆಯಲ್ಲಿ. ನಮ್ಮಲ್ಲಿ ರಂಗದ ಪಕ್ಕದಲ್ಲಿ ಮರೆಯಾಗಿ ನಿಂತು ಮಾತು ಹೇಳಿಕೊಡುವ ಮಾಸ್ತರರು ಇರುವಂತೆ ಇಲ್ಲಿಯೂ ಇದ್ದಾರೆ ಎಂದು ತಿಳಿದಾಗ ನನಗೆ ತವರಿನವರನ್ನು ಕಂಡಂತಾಯಿತು. ಸಹಾಯಕ ನಿರ್ದೇಶಕ ಪ್ರದೀಪ್ ಕ್ಯಾಮೆರಾದ ಪಕ್ಕ ಹಾಳೆ ಹಿಡಿದು ಸಾಲು ಸಾಲಾಗಿ ಮಾತು ಓದುತ್ತಾರೆ, ನಾವು ಹಿಂದೆಯೇ ಹೇಳುತ್ತೇವೆ. ಮೂವತ್ತರ ಆಸುಪಾಸಿನ ಒಳ್ಳೆಯ ಮನುಷ್ಯ. ಟಿವಿ ನೋಡಿದ ಮರುದಿನ ಅವರನ್ನೇ ಹಿಡಿದುಕೊಂಡೆ.

“ನನ್ನ ದನಿ ಎಲ್ಲಿಗಿ ಹೋತ್ರೀ ಸರ?”

“ಅಯ್ಯೋ ಮೇಡಂ, ನಿಮ್ ಆಕ್ಟಿಂಗ್ ಸಕ್ಕತ್ತಾಗಿದೆ. ಕಣ್ಣಲ್ಲೇ ಹೆದರಿಸ್ಬಿಡ್ತೀರ. ಸ್ಲ್ಯಾಂಗ್ ಒಂದು ಸೆಟ್ ಆಗ್ತಿಲ್ಲ ಅಷ್ಟೆ. ಕ್ಯಾರೆಕ್ಟರು ಬೆಂಗ್ಳೂರಿನ ಶ್ರೀಮಂತರ ಮನೆ ಅತ್ತೆ ಅಲ್ವಾ?”

“ಪುಸ್ತಕದ ಭಾಷಾನೂ ಮಾತಾಡ್ತೀನಲ್ರಿ. ನಾಲ್ಕು ತಾಸಿನ ಪೌರಾಣಿಕ ಮಾಡಿದಾಕಿ ನಾ.”

“ಅದು ನಾಟಕ ಆಗ್ಬಿಡತ್ತೆ ಮೇಡಂ.”

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನಾನು ಹುಟ್ಟಿ ಬೆಳೆದು ಅನ್ನ ಉಂಡ ಕೆಲಸದ ಹೆಸರು ಇಲ್ಲಿ ಒಂದು ದೋಷದ ಹೆಸರಾಗಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮುಖ ನೋಡಿ ಪ್ರದೀಪರಿಗೆ ಕನಿಕರವಾಯಿತೋ ಹೆದರಿಕೆಯಾಯಿತೋ. “ಒಂದ್ ಕೆಲ್ಸ ಮಾಡಿ. ಇಲ್ಲಿಯವ್ರ ಥರ ಮಾತಾಡೋದು ಕಲ್ತ್ಕೊಳ್ಳಿ. ಎರಡು ತಿಂಗ್ಳು ಬಿಟ್ಟು ನಾನೇ ವಾಯ್ಸ್ ಟೆಸ್ಟ್ ಮಾಡಿಸ್ತೀನಿ. ಪಾಸಾದ್ರೆ ನಿಮ್ದು ನೀವೇ ಮಾತಾಡಿ” ಎಂದರು.

ನನ್ನ ದನಿಯನ್ನು ನನಗೆ ಹಿಂದಿರುಗಿಸಲು ಎರಡು ತಿಂಗಳು. ಇಲ್ಲಿಯವರ ಮಾತು ಕಲಿಯಬೇಕು ಎಂದರು, ನಾನು ಇಲ್ಲಿ ಹುಟ್ಟಿದವರನ್ನು ಹುಡುಕಿದೆ. ನಮ್ಮ ಕಟ್ಟಡದಲ್ಲಿ ಒಡಿಶಾದವರಿದ್ದರು, ಆಂಧ್ರದವರಿದ್ದರು, ಕೇರಳದ ನರ್ಸುಗಳಿದ್ದರು. ಬೆಂಗಳೂರಿನ ನೆಲದಲ್ಲೇ ಹುಟ್ಟಿ ಬೆಂಗಳೂರಿನ ನೆಲದಲ್ಲೇ ಮುದುಕಿಯಾದವರು ಜಯಮ್ಮ ಒಬ್ಬರೇ. ಇವರಿಗಿಂತ ಅಸಲಿ ಮಾಸ್ತರು ಯಾರು ಸಿಕ್ಕಾರು ಎಂದುಕೊಂಡೆ.

ಪಾತ್ರ ಕಲಿಯುವಂತೆಯೇ ಕಲಿತೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ, ಇಬ್ಬರೂ ಕೂತು ಅವರೆಕಾಳು ಹಿಚುಕುವಾಗ, ಅವರ ಮಾತಿನ ಏರಿಳಿತ, ಎಲ್ಲಿ ಎಳೆಯುತ್ತಾರೆ, ಎಲ್ಲಿ ನುಂಗುತ್ತಾರೆ, ಸಿಟ್ಟು ಬಂದಾಗ ಕತ್ತು ಹೇಗೆ ಹೊರಳುತ್ತದೆ, ಎಲ್ಲವನ್ನೂ ಹಿಡಿದೆ. ಅವರಿಗೂ ಖುಷಿಯಾಯಿತು. ಅವರ ಸೊಸೆ, ಮೊಮ್ಮಕ್ಕಳು ವೈಟ್‌ಫೀಲ್ಡಿನಲ್ಲಿದ್ದರು, ಫೋನಿನಲ್ಲಿ ಇಂಗ್ಲಿಷ್ ಬೆರೆಸಿ ನಾಲ್ಕು ಮಾತಾಡಿ ಇಡುತ್ತಿದ್ದರು. “ನನ್ ಮಾತ್ನ ಕಲ್ಯೋಕೆ ಅಂತ ಯಾರೂ ಬಂದಿರ್ನಿಲ್ಲ ಕಣಮ್ಮ” ಎಂದು ತಮ್ಮಷ್ಟಕ್ಕೇ ನಕ್ಕರು.

ಟೆಸ್ಟಿನ ದಿನ ಬಂತು. ಗೋಡೆಗೆಲ್ಲ ಮೆತ್ತೆ ಹೊಡೆದ, ಹಿಮದಂತೆ ತಣ್ಣಗಿದ್ದ ಕೋಣೆ. ಕಿವಿಗೆ ಹೆಡ್‌ಫೋನು. ಎದುರು ಪರದೆಯ ಮೇಲೆ ನಾನು. ದೀಪ ಉರಿಯಿತು, ನನ್ನ ತುಟಿ ಅಲುಗಿತು, ನಾನು ಜೀವ ಹಾಕಿ ಹೇಳಿದೆ. “ಅವ್ಳು ಈ ಮನೇಗ್ ಬಂದ್ಮ್ಯಾಕೆ ಎಲ್ಲಾ ಇಂಗಾಗೋಯ್ತು ಕಣಪ್ಪಾ!”

ಗಾಜಿನಾಚೆ ಕೂತವರು ಬಾಯಿಗೆ ಕೈ ಹಿಡಿದು ನಕ್ಕರು. ಪ್ರದೀಪ್ ಒಳಗೆ ಬಂದರು.

“ಮೇಡಂ, ಇದ್ಯಾವ್ ಹಳ್ಳಿ ಭಾಷೆ?”

“ಹಳ್ಳಿ ಅಲ್ರಿ. ಬೇಗೂರು. ನಿಮ್ಮ ಬೆಂಗಳೂರಿನವರ ಮಾತು.”

“ಬೆಂಗ್ಳೂರಲ್ಲಿ ಯಾರ್ ಮೇಡಂ ಹಿಂಗ್ ಮಾತಾಡ್ತಾರೆ?”

ಯಾರು ಎಂದು ಹೇಳಲಿ? ಜಯಮ್ಮನ ಹೆಸರು ಹೇಳಿದರೆ ಅವರನ್ನೂ ಆ ಗಾಜಿನ ಮುಂದೆ ನಿಲ್ಲಿಸಿ ನಗೆಪಾಟಲು ಮಾಡಿದಂತಾಗುತ್ತಿತ್ತು. ಹೆಡ್‌ಫೋನು ಕಳಚಿಟ್ಟು ನಡೆದೆ. ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಟಿಫಿನ್ ಡಬ್ಬಿ ಹಿಡಿದು ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಕೈ ಹಿಡಿದುಕೊಂಡಳು. ಮಾತು ಶುರುಮಾಡಿದ ಕೂಡಲೇ ನನಗೆ ಗೊತ್ತಾಯಿತು. “ನಿಮ್ ತುಟೀನೇ ನೋಡ್ತಾ ನೋಡ್ತಾ ನೀವು ನನ್ ಅಕ್ಕನ ಥರ ಆಗ್ಬಿಟ್ಟಿದೀರ ಮೇಡಂ” ಅಂದಳು. ಟಿವಿಯಲ್ಲಿ ನನ್ನ ಬಾಯಿಂದ ಬರುತ್ತಿದ್ದ ಅದೇ ದನಿ. ಅವಳನ್ನು ದ್ವೇಷಿಸಬೇಕೆಂದು ಎಷ್ಟೋ ದಿನದಿಂದ ಸಿದ್ಧಳಾಗಿದ್ದೆ, ಆ ಒಂದು ಮಾತಿಗೆ ಅದೂ ಕೈತಪ್ಪಿತು.

ಮನೆಗೆ ಬಂದು ಜಯಮ್ಮನಿಗೆ ಫೇಲಾದೆ ಎಂದಷ್ಟೇ ಹೇಳೋಣ ಎಂದಿದ್ದೆ. ಅವರು ಕೆದಕಿ ಕೆದಕಿ ಪೂರ್ತಿ ಹೇಳಿಸಿದರು. ಸೆರಗಿನಲ್ಲಿದ್ದ ಅವರೆ ಸಿಪ್ಪೆಯನ್ನು ಒಂದೊಂದಾಗಿ ಎತ್ತಿ ಮೊರಕ್ಕೆ ಹಾಕಿದರು.

“ನಮ್ಮೂರ್ನಾಗೆ ನಮ್ ಮಾತೇ ಬ್ಯಾಡ್ವಂತಾ?”

ನನ್ನ ದನಿಗೆ ಜಾಗವಿಲ್ಲ ಎಂದು ಗೋಳಾಡುತ್ತಿದ್ದವಳಿಗೆ ಆಗ ನಾಚಿಕೆಯಾಯಿತು. ನಾನಾದರೂ ಊರು ಬಿಟ್ಟು ಬಂದವಳು. ಇವರು ಎಲ್ಲಿಗೂ ಹೋಗದೆ ಕೂತಲ್ಲೇ ಹೊರಗಿನವರಾಗಿದ್ದರು.

ಆ ಸಂಜೆ ಏಳೂವರೆಗೆ ಧಾರಾವಾಹಿ ಶುರುವಾಯಿತು. ಜಯಮ್ಮ ರಿಮೋಟು ಎತ್ತಿ ಟಿವಿಯ ದನಿ ಪೂರ್ತಿ ನಿಲ್ಲಿಸಿದರು. ಪರದೆಯ ಮೇಲೆ ಎಲ್ಲರೂ ಮೂಕರಾಗಿ ಕೈ ಬೀಸುತ್ತಿದ್ದರು. ನಾನು ಬಾಗಿಲಲ್ಲಿ ಕಾಣಿಸಿಕೊಂಡೆ.

“ಈಗ ಯೋಳು” ಅಂದರು.

“ಏನ್ ಹೇಳ್ಲಿ ಅಕ್ಕಾರ?”

“ಅಲ್ಲಿ ನೀನೇನ್ ಅಂದ್ಯೋ ಅದ್ನೇ. ನಿನ್ ಗಂಟ್ಲಾಗೆ.”

ಮಾತೆಲ್ಲ ನೆನಪಿತ್ತು. ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ಎದೆ ತುಂಬಿ ಬಂದು, ಅವ್ವ ಕಲಿಸಿದ ಹಾಗೆ ಕಡೆಯ ಬೆಂಚಿಗೆ ಮುಟ್ಟುವಂತೆ. ಜಯಮ್ಮನ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಎಷ್ಟೋ ತಿಂಗಳ ಮೇಲೆ ಒಂದು ಕೈ ನಿಲ್ಲಿಸಿದ್ದೆ. ಅಂದಿನಿಂದ ದಿನವೂ ನಮ್ಮದು ಅದೇ ಆಟ. ಒಬ್ಬಳು ನಟಿ, ಒಬ್ಬರು ಪ್ರೇಕ್ಷಕರು.

ಇನ್ನು ಮುಂದಿನದನ್ನು ಬರೆಯಲು ಮನಸ್ಸಿಲ್ಲ, ಆದರೆ ಇದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಸುಳ್ಳಾಗುತ್ತದೆ. ಮಾಲಕರ ಫೋನು ಬಂತು. ಗಜೇಂದ್ರಗಡದಲ್ಲಿ ಕ್ಯಾಂಪು, ಒಂದು ಸಂಜೆಯ ಆಟಕ್ಕೆ ಬಂದು ಹೋಗಿ ಎಂದರು. ಹೋದೆ. ಊರ ತುಂಬ ನನ್ನ ಹಸಿರು ಸೀರೆಯ ಫೋಟೋ ಹಾಕಿದ್ದರು. ತಗಡಿನ ಥಿಯೇಟರು ತುಂಬಿ ಹೊರಗೂ ಜನ. ಬಣ್ಣದ ವಾಸನೆ, ಹಾರ್ಮೋನಿಯಮ್ಮಿನ ಶ್ರುತಿ, ನನಗೆ ಕಣ್ಣು ಒದ್ದೆಯಾಯಿತು. ನೆಲ ಮುಟ್ಟಿ ನಮಸ್ಕರಿಸಿ ರಂಗಕ್ಕೆ ಬಂದೆ. ಸಿಳ್ಳೆ ಬಿತ್ತು. ಮೊದಲ ಮಾತು ಆಡಿದೆ, ನನ್ನ ದನಿಯಲ್ಲಿ, ನಮ್ಮ ಮಾತಿನಲ್ಲಿ.

ಸಿಳ್ಳೆ ನಿಂತಿತು. ಹಿಂದಿನಿಂದ ಒಬ್ಬ ಎದ್ದು ಕೂಗಿದ. “ಏ, ಇಕಿ ಅಕಿ ಅಲ್ಲೋ! ಟಿವಿಯಾಗಿನ ಅತ್ತಿ ದನಿ ಹಿಂಗೆಲ್ಲೈತಿ? ಡೂಪ್ಲಿಕೇಟ್ ತಂದಾರ!”

ಒಬ್ಬನ ಮಾತು ಹತ್ತು ಮಂದಿಗೆ ಹತ್ತಿತು. ಕುರ್ಚಿ ಬಡಿಯತೊಡಗಿದರು. ನಾನು ರಂಗದ ಪಕ್ಕಕ್ಕೆ ನೋಡಿದೆ. ಅಲ್ಲಿ ನಿಂತಿದ್ದ ಮಾಲಕರು ಕೈ ಮುಗಿದಿದ್ದರು. “ಸ್ವಲ್ಪ ಟಿವಿಯಾಗಿನಂಗ ದನಿ ತಗೀರಿ ಶಾರದಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ.”

ತೆಗೆದೆ. ಡಬ್ಬಿ ಹಿಡಿದು ಬೆಂಚಿನ ಮೇಲೆ ಕೂತಿದ್ದವಳ ದನಿಯನ್ನು ತೆಗೆದೆ. ಅಷ್ಟು ದಿನ ಕೇಳಿದ್ದೆನಲ್ಲ, ಸರಿಯಾಗಿಯೇ ಬಂತು. ನಾನು ಹುಟ್ಟಿದ ಕಂಪನಿಯ ರಂಗದ ಮೇಲೆ ನನ್ನ ನಕಲನ್ನು ನಾನೇ ಮಾಡಿದೆ. ಚಪ್ಪಾಳೆಯೋ ಚಪ್ಪಾಳೆ. ಒನ್ಸ್ ಮೋರ್ ಎಂದು ಕೂಗಿದರು. ಮತ್ತೊಮ್ಮೆ ಮಾಡಿದೆ.

ಬೇಗೂರಿಗೆ ಬಂದಾಗ ಜಯಮ್ಮ ಆಟ ಹೇಗಾಯಿತು ಎಂದು ಕೇಳಿದರು. “ಹೌಸ್ ಫುಲ್ ಅಕ್ಕಾರ” ಎಂದೆ. ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ಅದಾದ ಮೇಲೆ ಬೇಗನೆ ಧಾರಾವಾಹಿಯಲ್ಲಿ ಅತ್ತೆಯನ್ನು ಸಾಯಿಸಿದರು. ಕಥೆಗೆ ಹೊಸ ತಿರುವು ಬೇಕಂತೆ. ನಮ್ಮಲ್ಲಿ ಸಾಯುವ ದೃಶ್ಯಕ್ಕೆ ಒನ್ಸ್ ಮೋರ್ ಬಿದ್ದರೆ ಸತ್ತವರು ಎದ್ದು ಕೂತು ಹಾಡಿ ಮತ್ತೆ ಸಾಯುತ್ತಿದ್ದರು, ಅವ್ವ ಒಂದೇ ಆಟದಲ್ಲಿ ಮೂರು ಸಲ ಸತ್ತದ್ದು ನನಗೆ ನೆನಪಿದೆ. ಇಲ್ಲಿ ಬೇರೆ ಪದ್ಧತಿ. ಹೆಣವಾಗಿ ಮಲಗಿದವರು ಶಾಟು ಮುಗಿದ ಕೂಡಲೇ ಕಣ್ಣು ತೆರೆದು, ಕ್ಯಾಮೆರಾ ನೋಡಿ ನಕ್ಕು, ಒಂದು ಒಳ್ಳೆಯ ಮಾತು ಆಡಬೇಕು. ಅಪಶಕುನ ಅಂಟದಿರಲಿ ಎಂದು ಅದನ್ನೂ ಚಿತ್ರಿಸಿಕೊಳ್ಳುತ್ತಾರೆ. ನಾನು ಎದ್ದು ಕೂತೆ, ಮೂಗಿನ ಹತ್ತಿ ತೆಗೆದೆ.

“ಏನಾದ್ರೂ ಮಾತಾಡಿ ಮೇಡಂ” ಅಂದರು ಪ್ರದೀಪ್. “ನಿಮ್ ಭಾಷೇಲೇ, ನಿಮ್ ವಾಯ್ಸಲ್ಲೇ. ಇದೇನ್ ಟೆಲಿಕಾಸ್ಟ್ ಆಗಲ್ವಲ್ಲ.”

ಇಷ್ಟು ದಿನ ಬೇಡಿದ್ದು ಕೊನೆಗೂ ಸಿಕ್ಕಿತು, ಯಾರೂ ನೋಡದ ಕಡೆ. ನಾನು ಅಭ್ಯಾಸದಂತೆ ಪ್ರದೀಪರ ಕೈ ನೋಡಿದೆ. ಹಾಳೆ ಇರಲಿಲ್ಲ. ಐದನೇ ವಯಸ್ಸಿನಿಂದ ನನ್ನ ಬಾಯಿಗೆ ಯಾರಾದರೂ ಮಾತು ಕೊಟ್ಟಿದ್ದರು. ನನ್ನದೇ ಎಂದು ಆಡಲು ಒಂದು ಮಾತೂ ಹೊಳೆಯಲಿಲ್ಲ. ದನಿ ದನಿ ಎಂದು ಬಡಿದಾಡಿದವಳಿಗೆ ಹೇಳಲಿಕ್ಕೆ ಏನಿತ್ತು ಎಂದು ಭಯವಾಯಿತು. ಸುಮ್ಮನೆ ಹಲ್ಲು ತೋರಿಸಿ ನಕ್ಕೆ. ಓಕೆ ಎಂದರು, ದೀಪ ಆರಿಸಿದರು.

ಅದೇ ವಾರ ಎರಡು ಕರೆ ಬಂದವು. ಮಾಲಕರು ಪೂರ್ತಿಯಾಗಿ ಬಂದುಬಿಡಿ ಎಂದರು, ಆದರೆ ಆ ಟಿವಿಯ ದನಿ ಬಿಡಬೇಡಿ, ಮಂದಿ ಅದನ್ನೇ ಕೇಳುತ್ತಾರೆ. ಪ್ರದೀಪ್ ಬೇರೆ ಧಾರಾವಾಹಿಯ ಪಾತ್ರ ಹೇಳಿದರು. ದೊಡ್ಡ ಮನೆಯ ಹಿರಿಯಳು, ಮೂಗಿ. “ಡಬ್ಬಿಂಗ್ ಪ್ರಾಬ್ಲಮ್ಮೇ ಇಲ್ಲ ಮೇಡಂ, ಪೂರ್ತಿ ನಿಮ್ಮದೇ” ಎಂದರು, ನಿಜವಾದ ಸಂತೋಷದಿಂದ. ಅಲ್ಲಿ ಇನ್ನೊಬ್ಬಳ ದನಿ, ಇಲ್ಲಿ ದನಿಯೇ ಇಲ್ಲ. ಮೂರು ದಿನ ಯೋಚಿಸಿದೆ. ಮೂಗಿಯ ಪಾತ್ರ ಒಪ್ಪಿಕೊಂಡೆ. ಮಾಲಕರು ಫೋನಿನಲ್ಲಿ ಅತ್ತರು, ನಾನು ಅಳಲಿಲ್ಲ ಎಂದು ಅವರಿಗೆ ಇನ್ನೂ ಬೇಸರವಿದೆ.

ಮೊನ್ನೆ ಅದರ ಮೊದಲ ಕಂತು ಬಂತು, ಅದೇ ಏಳೂವರೆಗೆ. ಜಯಮ್ಮ ಚಾಪೆ ಹಾಸಿದರು, ಕಾಫಿ ತಂದರು, ರಿಮೋಟು ಎತ್ತಿ ದನಿ ನಿಲ್ಲಿಸಿದರು. ಪರದೆಯ ಮೇಲೆ ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಎದುರಿಗಿದ್ದವರಿಗೆ ಏನೋ ಹೇಳಬೇಕೆಂದು ತುಟಿ ಅಲುಗಿಸುತ್ತಿದ್ದೆ.

“ಯೋಳು” ಅಂದರು ಜಯಮ್ಮ.

“ಇಕಿ ಮೂಗಿ ಅಕ್ಕಾರ. ಮಾತೇ ಇಲ್ಲ.”

“ಟಿವಿಯೋರ್ ಪಾಲ್ಗೆ ಮೂಗಿ. ನಿಂಗೇನ್ ಬಂದೈತೆ? ಯೋಳು.”

ತುಟಿ ಅಲುಗುತ್ತಲೇ ಇತ್ತು. ಹಾಳೆ ಹಿಡಿದವರು ಯಾರೂ ಇರಲಿಲ್ಲ. ನಾನು ಬಾಯಿ ತೆರೆದೆ.

“ಗಜೇಂದ್ರಗಡದಾಗ ನಾ ಇನ್ನೊಬ್ಬಾಕಿ ದನಿ ತಗದೆ ಅಕ್ಕಾರ” ಅಂದೆ. “ನಮ್ಮ ಮಂದಿನೇ ನನಗ ಡೂಪ್ಲಿಕೇಟ್ ಅಂದ್ರು. ನನ್ ಗಂಟ್ಲು ಅವ್ರಿಗೆ ಬ್ಯಾಡಾಗೋಯ್ತು.” ಮಾತು ಗಜೇಂದ್ರಗಡದ ಧಾಟಿಯಲ್ಲಿ ಶುರುವಾಗಿ ಕೊನೆಗೆ ಬೇಗೂರಿನ ಧಾಟಿಗೆ ಬಂದು ನಿಂತಿತ್ತು. ನಾನು ಹಾಗೆ ಮಾಡಬೇಕೆಂದು ಮಾಡಿದ್ದಲ್ಲ. ಈಗ ನನ್ನ ಮಾತು ಇರುವುದೇ ಹಾಗೆ, ಯಾವ ಊರಿನ ಟೆಸ್ಟಿನಲ್ಲೂ ಪಾಸಾಗದ ಹಾಗೆ.

ಜಯಮ್ಮ ನನ್ನ ಕಡೆ ತಿರುಗಲಿಲ್ಲ. ಪರದೆಯ ಮೇಲಿನ ಮೂಗಿಯೇ ಇದನ್ನೆಲ್ಲ ಹೇಳುತ್ತಿದ್ದಾಳೆ ಎಂಬಂತೆ ಅವಳನ್ನೇ ನೋಡುತ್ತಿದ್ದರು. ಕಾಫಿ ಲೋಟ ತುಟಿಯ ಹತ್ತಿರ ನಿಂತಿತ್ತು.

“ಆಮ್ಯಾಕೆ?” ಅಂದರು.

ಆಮೇಲಿನದನ್ನೂ ಹೇಳಿದೆ.